ಊಡಲ್ಸ್

ಸದಾಶಿವಯ್ಯನವರು ಇಂಗ್ಲಿಷ್ ಕಾಗದವನ್ನು ಸರಾಗವಾಗಿ ಓದುತ್ತ ಬಂದು, ಒಂದು ಪದದ ಹತ್ತಿರ ನಿಂತುಬಿಟ್ಟರು.

ಬರೆದವರು ಊಟಿಗೆ ಹೋಗಿದ್ದ ದೊರೆಸಾನಿ. ಅವರ ಮಗುವಿನ ಆಯಾ ಲೂರ್ದುಮೇರಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ದೊರೆಸಾನಿಯ ಮಾತನ್ನೇ ಹೆಂಡತಿಯ ಸಮಾಧಿಗಲ್ಲಿನ ಮೇಲೆ ಕೊರೆಸಬೇಕೆಂದು ಮೈಕಲಪ್ಪ, ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರಾದ ಸದಾಶಿವಯ್ಯನವರ ಜಗುಲಿಗೆ ಬಂದು ಕುಳಿತಿದ್ದ. ತೀರಿಕೊಂಡ ತಿಂಗಳಿಗೆ ಇಗರ್ಜಿಯಲ್ಲಿ ಮಾಡಿಸುವ ಪೂಜೆಯೊಳಗೆ ಕಲ್ಲು ನಿಲ್ಲಬೇಕಿತ್ತು.

ಲೂರ್ದುಮೇರಿಯ ದಯೆ ರಾಶಿ ರಾಶಿ, ತಾಳ್ಮೆ ಟನ್ನುಗಟ್ಟಲೆ ಎಂದಿತ್ತು ಕಾಗದ. ಟನ್ನೆಂದರೆ ಎಷ್ಟೆಂದು ಮೈಕಲಪ್ಪ ಕೇಳಿದ. ಎರಡು ಗಾಡಿ ತುಂಬ ಎಂದರು ಗುಮಾಸ್ತರು.

"ಎಲ್ಲ ಬಂಗಲೇಲೇ ಇಳಿಸ್ಬುಟ್ಟವಳೆ ಸ್ವಾಮಿ. ನಮ್ಮನೆಗೆ ಒಂದು ಪಾವೂ ಬರ್ಲಿಲ್ಲ" ಎಂದು ನಕ್ಕ ಮೈಕಲಪ್ಪ, ನಗುತ್ತಲೇ ಮೂಗು ಒರೆಸಿಕೊಂಡ.

ಪ್ರೀತಿಗೆ ಮಾತ್ರ ದೊರೆಸಾನಿ 'ಊಡಲ್ಸ್' ಎಂದು ಬರೆದಿದ್ದರು. ಡಿಕ್ಷನರಿಯಲ್ಲಿ ಅದು ಸಿಕ್ಕಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಅಭ್ಯಾಸ ಸದಾಶಿವಯ್ಯನವರಿಗೆ ಇರಲಿಲ್ಲ.

"ಇದು ಇಂಗ್ಲಿಷೇ ಅಲ್ಲ ಕಣಯ್ಯ. ನಮ್ಮ ಪದಕ್ಕೆ ಬಾಲದಲ್ಲಿ ಒಂದು ಎಸ್ಸು ಸಿಕ್ಕಿಸಿದ್ದಾಳೆ. ಹಾಲೂಡಿಸು ಅನ್ನುತ್ತೇವಲ್ಲ, ಅದು. ನನ್ನ ಮಗುವಿಗೆ ಪ್ರೀತಿಯಿಂದ ಹಾಲೂಡಿಸಿದಳು ಅಂತ."

ಮೈಕಲಪ್ಪನ ನಗು ನಿಂತಿತು. "ಅದನ್ನೂ ಬರ್ದುಬುಟ್ಟವ್ರಾ?"

ಆಮೇಲೆ ಅವನೇ ಹೇಳಿದ. ತಮ್ಮ ಕೂಸು ಎಂಟನೆಯ ದಿನಕ್ಕೆ ತೀರಿಹೋದಾಗ ಲೂರ್ದುಮೇರಿ ದೊರೆಸಾನಿಯ ಮಗುವಿಗೆ ಎದೆಹಾಲು ಕೊಟ್ಟಿದ್ದಳು. ಆ ಮಾತು ಬಂಗಲೆಯಿಂದ ಹೊರಗೆ ಹೋಗಕೂಡದೆಂದು ಅಪ್ಪಣೆಯಾಗಿತ್ತು. ನಾಲ್ಕು ವರ್ಷ ಅವಳು ಬಾಯಿ ಬಿಟ್ಟಿರಲಿಲ್ಲ.

ಮರುವಾರ ರೈಲಿನ ಗಾರ್ಡೊಬ್ಬ ಸದಾಶಿವಯ್ಯನವರಿಗೆ ನಿಜವಾದ ಅರ್ಥ ಹೇಳಿದ. ಊಡಲ್ಸ್ ಎಂದರೆ ಬೇಕಾದಷ್ಟು, ಅಳತೆಗೆ ಸಿಕ್ಕದಷ್ಟು. ಬಾಯಿಮಾತಿನ ಪದ, ಅಷ್ಟೆ. ತಪ್ಪೊಪ್ಪಿಕೊಳ್ಳಲು ಅವರು, ಮೈಕಲಪ್ಪ ಅಲ್ಲಿದ್ದಾನೆಂದು ಕೇಳಿ, ನೇರ ಸಮಾಧಿಗಳ ಕಡೆಗೆ ನಡೆದರು. ಕಲ್ಲು ಆಗಲೇ ನಿಂತಿತ್ತು. ಮೇಲೆ ಶಿಲುಬೆ, ನಡುವೆ ಲೂರ್ದುಮೇರಿ ಎಂಬ ಹೆಸರು, ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ 'ಹಾಲೂಡಿಸಿದವಳು'.

ಮೇಣದಬತ್ತಿ ಹಚ್ಚುತ್ತಿದ್ದ ಮೈಕಲಪ್ಪ ಎದ್ದು ನಿಂತ. "ದೊರೆಸಾನಿಯೋರ ಮಾತು ಸರ್ಯಾಗಿ ಬಂದೈತಾ ಸ್ವಾಮಿ?"

ಸದಾಶಿವಯ್ಯನವರು ಕನ್ನಡಕ ಒರೆಸಿ ಹಾಕಿಕೊಂಡು ಎರಡು ಸಲ ಓದಿದರು.

"ಒಂದು ಎಸ್ಸು ಬಿಟ್ಟುಹೋಗಿದೆ. ಹೋಗಲಿ ಬಿಡು."