ನೂರು ಸಲ ಬರೆದ ಸಾಲು

ನಂಜಪ್ಪ ಮೇಷ್ಟ್ರು ವಿಜ್ಞಾನದ ಪಾಠ ಮಾಡುವುದನ್ನು ಬಿಟ್ಟು ಮೂರು ವರ್ಷವಾಗಿದ್ದರೂ, ಹಳೆಯ ಶಿಷ್ಯರು ಮನೆಗೆ ಬಂದರೆ ಅವರ ಎದೆ ಉಬ್ಬುತ್ತಿತ್ತು. ಆ ಭಾನುವಾರ ಬಂದ ಸಿದ್ದರಾಜು ಮಾತ್ರ ಕಾಲಿಗೆ ನಮಸ್ಕರಿಸಿ, ಕಾಫಿ ಕುಡಿದು, ಅವರ ಮಗಳನ್ನು ತನಗೆ ಕೊಡಿ ಎಂದು ಕೇಳಿಬಿಟ್ಟ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಥಟ್ಟನೆ ನಿಂತಿದ್ದರಿಂದ, ಮಗಳಿಗೆ ಇದೇನೂ ಹೊಸ ಸುದ್ದಿಯಲ್ಲ ಎಂಬುದು ಮೇಷ್ಟ್ರಿಗೆ ಅರ್ಥವಾಯಿತು.

“ನೀನು ಒಳ್ಳೇ ಹುಡುಗನೇ ಕಣಪ್ಪ,” ಎಂದು ಅವರು ಗಂಟಲು ಸರಿಮಾಡಿಕೊಂಡರು. “ಆದ್ರೆ ನಿಮ್ಮ ಜಾತಿ ಬೇರೆ, ನಮ್ಮ ಜಾತಿ ಬೇರೆ. ಒಂದೇ ಜಾತಿಯವರಾದ್ರೆ ತಾನೇ ಹೊಂದ್ಕೊಂಡು ಹೋಗೋದು?”

“ಏಳನೇ ಕ್ಲಾಸಿನ ಪರೀಕ್ಷೇಲಿ ನಾನೂ ಹಂಗೇ ಬರೆದಿದ್ದೆ ಸಾರ್.”

“ಏನಂತ?”

“ಅಯಸ್ಕಾಂತದ ಪ್ರಶ್ನೆಗೆ, ಸಜಾತೀಯ ಧ್ರುವಗಳು ಆಕರ್ಷಿಸುತ್ತವೆ ಅಂತ.”

ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ತಪ್ಪು ಕಣೋ. ಸಜಾತೀಯ ಆದ್ರೆ ದೂರ ತಳ್ತವೆ.”

“ಅವತ್ತೂ ಹಂಗೇ ಅಂದ್ರಿ. ಸೊನ್ನೆ ಕೊಟ್ಟು, ಸರಿಯಾದ್ದನ್ನ ನೂರು ಸಲ ಬರ್ಕೊಂಡು ಬಾ ಅಂದ್ರಿ.”

“ಅದು ಕಬ್ಬಿಣದ ಮಾತಾಯ್ತು. ಇದು ಮನುಷ್ಯರ ವಿಷಯ.”

ಸಿದ್ದರಾಜು ಚೀಲದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಅವರ ಕೈಗೆ ಕೊಟ್ಟ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹಾಳೆ ತಿರುವಿದರು. ಪುಟದಿಂದ ಪುಟಕ್ಕೆ ಒಂದೇ ಸಾಲು: ವಿಜಾತೀಯ ಧ್ರುವಗಳು ಪರಸ್ಪರ ಆಕರ್ಷಿಸುತ್ತವೆ. ನೂರನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಅವರದೇ ಅಕ್ಷರ, ಅವರದೇ ಸಹಿ: “ಸರಿಯಾಗಿದೆ. ಈ ಜನ್ಮದಲ್ಲಿ ಮರೆಯಬೇಡ.”