ಕಣಜ ಕೂತ ಹೂವು

"ನೋಡು, ಹೇಗೆ ಮೋಸಹೋಗಿದೆ!" ಗಾಜಿನ ಮನೆಯ ಮಾಲಿ ಹೆಂಡತಿಯ ಕೈಗೆ ಭೂತಗನ್ನಡಿ ಕೊಟ್ಟ. ಥೇಟ್ ಹೆಣ್ಣು ಕಣಜದಂತೆ ಕಾಣುವ ಆರ್ಕಿಡ್ ಹೂವನ್ನು ಗಂಡು ಕಣಜವೊಂದು ಬಿಗಿಯಾಗಿ ತಬ್ಬಿಕೊಂಡಿತ್ತು. "ಹೂವು ಇದರ ಮೈಗೆ ಪರಾಗ ಅಂಟಿಸಿ ಕಳಿಸುತ್ತೆ. ಪಾಪ, ಇದಕ್ಕೆ ಒಂದು ಹನಿ ಜೇನೂ ಇಲ್ಲ."

ಅವಳು ಕಣ್ಣು ಕೀಳದೆ ನೋಡಿದಳು. ಅಕ್ಕ ತೀರಿಕೊಂಡ ಮೇಲೆ ಭಾವನನ್ನೇ ಮದುವೆಯಾದವಳು ಅವಳು. ಅಕ್ಕನದೇ ಪಡಿಯಚ್ಚು ಎಂದು ನೆಂಟರೆಲ್ಲ ಹೇಳುತ್ತಿದ್ದರು.

ಕಣಜ ಹಾರಿತು. ಮಾಲಿ ಅವಳ ಹೆಗಲು ಹಿಡಿದು ಕುಲುಕಿದ. "ಅಲ್ನೋಡು ಚಿನ್ನಿ, ಮತ್ತೆ ಅಂಥದ್ದೇ ಹೂವಿಗೆ ಹೋಯ್ತು!"

ಚಿನ್ನಿ ಎಂದು ಅವನು ಕರೆಯುತ್ತಿದ್ದುದು ಅಕ್ಕನನ್ನು. ತಪ್ಪಾಯಿತೆಂಬುದು ಅವನ ಗಮನಕ್ಕೇ ಬಂದಿರಲಿಲ್ಲ. ಮದುವೆಯಾದ ಎರಡು ವರ್ಷದಲ್ಲಿ ಅವನು ಹೀಗೆ ಬಾಯ್ತುಂಬ ನಕ್ಕದ್ದನ್ನು ಅವಳು ಕಂಡಿರಲಿಲ್ಲ. ತಿದ್ದಲು ತೆರೆದ ಬಾಯಲ್ಲೇ, "ಹೂಂ, ನೋಡಿದೆ" ಎಂದಳು.