ಹೊಸ್ತಿಲೊಳಗೆ ಹಾಸಿದ ಚಾಪೆ

ಬೆಳಗಿನ ನಮಾಜು ಮುಗಿಯುತ್ತಲೇ ರತೀಬಾ ತಲಬಾಗಿಲನ್ನು ಹಾರುಹೊಡೆದಳು. ಹೊಸ್ತಿಲೊಳಗೆ ಚಾಪೆ ಹಾಸಿ, ಸಕ್ಕರೆ ಹಾಕದ ಕಾಫಿಯ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತುಬಿಟ್ಟಳು. ರೊಟ್ಟಿ ಹಿಟ್ಟಿನ ತಟ್ಟೆ ಹೊತ್ತು ಓಣಿಯಲ್ಲಿ ಹೊರಟಿದ್ದ ಹೆಂಗಸರು ನಿಂತಲ್ಲೇ ನಿಂತರು. ಸಕ್ಕರೆಯಿಲ್ಲದ ಕಾಫಿ ಎಂದರೆ ಸಾವಿನ ಮನೆಯ ಕಾಫಿ, ದುಃಖ ಕೇಳಲು ಬರುವವರಿಗಾಗಿ ಕಾಸುವುದು. ರತೀಬಾಳ ಹಿರಿಮಗ ರಿಫಾಯಿ ಕಾಲುವೆ ನೀರಿನ ಜಗಳದಲ್ಲಿ ಗುಂಡು ತಗುಲಿ ಸತ್ತು ಆಗಲೇ ನಾಲ್ಕು ತಿಂಗಳಾಗಿತ್ತು.

ಈ ನಾಲ್ಕು ತಿಂಗಳಲ್ಲಿ ಒಂದು ನರಪಿಳ್ಳೆಯೂ ಆ ಮನೆಗೆ ಬಂದು 'ಅಯ್ಯೋ' ಅಂದಿರಲಿಲ್ಲ. ಊರಿನವರೇನು ಕಲ್ಲೆದೆಯವರಲ್ಲ, ಕಟ್ಟಳೆ ಹಾಗಿತ್ತು. ಕೊಲೆಯಾದವನ ಮನೆಯವರು ಸೇಡು ತೀರಿಸಿಕೊಳ್ಳುವ ತನಕ ಅಳುವಂತಿಲ್ಲ, ಯಾರ ಸಮಾಧಾನದ ಮಾತನ್ನೂ ಕೇಳಿಸಿಕೊಳ್ಳುವಂತಿಲ್ಲ. ಯಾರಾದರೂ ಒಬ್ಬರು ಒಳಗೆ ಬಂದು, 'ಉಳಿದ ಆಯುಷ್ಯ ನಿಮಗಿರಲಿ' ಎಂದು ಆ ಕಾಫಿ ಕುಡಿದರೋ, ಅಲ್ಲಿಗೆ ಮುಗಿಯಿತು. ಆ ಮನೆಯವರು ಸೇಡು ಬಿಟ್ಟರೆಂದೇ ಅರ್ಥ. ಆಮೇಲೆ ಬಂದೂಕು ಎತ್ತುವವನ ಮುಖಕ್ಕೆ ಊರೇ ಉಗಿಯುತ್ತದೆ.

ಸುದ್ದಿ ಮುಟ್ಟಿ, ರತೀಬಾಳ ತೀರಿಹೋದ ಗಂಡನ ಅಣ್ಣ ಬಖೀತ್ ಏದುಸಿರು ಬಿಡುತ್ತ ಬಂದ.

"ಏನಿದು, ರಿಫಾಯಿ ತಾಯಿ? ಯಾರನ್ನ ಕೇಳಿ ಚಾಪೆ ಹಾಸಿದೆ?"

"ಹೆತ್ತ ಹೊಟ್ಟೆನ ಕೇಳಿ ಹಾಸಿದೆ, ಭಾವ."

"ಹುಡುಗಾಟ ಆಡಬೇಡ. ಕೊಂದವನು, ಆ ಶಹಾತ, ಊರಿಗೆ ವಾಪಸ್ ಬಂದಿದಾನೆ. ಇವತ್ತು ಕಬ್ಬಿನ ಹೊಲಕ್ಕೆ ಬರ್ತಾನೆ. ನಿನ್ನ ಕಿರಿಮಗ ಖಲಫ್ ಕೈಗೆ ಬಂದೂಕು ಕೊಟ್ಟಾಗಿದೆ. ಒಂದು ಹೊತ್ತು ತಡ್ಕೋ. ಆಮೇಲೆ ನಾನೇ ನಿಂತು ಶಾಮಿಯಾನ ಹಾಕಿಸ್ತೀನಿ, ಕುರ್ಚಿ ತರಿಸ್ತೀನಿ. ಕುರಾನ್ ಓದೋಕೆ ಸೋಹಾಗ್ ಪಟ್ಟಣದಿಂದ ಒಳ್ಳೇ ಕಂಠದವರನ್ನ ಕರೆಸ್ತೀನಿ."

"ಮಾಡಿಸ್ತೀರಿ, ಅದರಲ್ಲಿ ನೀವು ಧಾರಾಳಿಗಳೇ. ನಾಳೆ ಶಹಾತನ ತಮ್ಮಂದಿರು ನನ್ನ ಖಲಫ್‌ನ ಹೊಡೀತಾರಲ್ಲ, ಆಗ ಅವನ ಸೇಡಿಗೆ ಯಾರನ್ನ ಕಳಿಸ್ತೀರಿ? ನನ್ನ ಹತ್ರ ಇನ್ನೊಬ್ಬ ಮಗ ಇಲ್ಲ."

ಬಖೀತ್ ಓಣಿಯ ಕಡೆ ತಿರುಗಿ ದನಿ ಏರಿಸಿದ. "ಯಾರಾದರೂ ಈ ಹೊಸ್ತಿಲು ದಾಟಿದ್ರೋ, ಇವತ್ತಿಂದ ನಮ್ಮ ಮನೆಗೂ ನಿಮ್ಮ ಮನೆಗೂ ಹೋಗೋದು ಬರೋದು ಇಲ್ಲ, ನೆನಪಿಟ್ಕೊಳ್ಳಿ."

ರತೀಬಾ ನೆರೆಮನೆಯ ಮುದುಕಿ ಸನಿಯ್ಯಾಳನ್ನು ನೋಡಿದಳು. ರಿಫಾಯಿಯ ಹೆರಿಗೆ ಮಾಡಿಸಿದವಳು ಅವಳೇ. ಇವಳಾದರೂ ಬಂದೇ ಬರುತ್ತಾಳೆ ಎಂಬ ಧೈರ್ಯದ ಮೇಲೆಯೇ ರತೀಬಾ ಕಾಫಿ ಕಾಸಿದ್ದು. ಸನಿಯ್ಯಾ ಒಂದು ಹೆಜ್ಜೆ ಮುಂದಿಟ್ಟಳು. ಬಖೀತ್ ಕೆಮ್ಮಿದ. ಮುದುಕಿ ನೆಲ ನೋಡುತ್ತ ನಿಂತುಬಿಟ್ಟಳು. ಕಾಫಿ ಆರತೊಡಗಿತು.

ಅಷ್ಟರಲ್ಲಿ ಒಳಗಿನಿಂದ ಖಲಫ್ ಬಂದ. ಅಣ್ಣನನ್ನು ಮಣ್ಣು ಮಾಡಿದ ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರು ಹಾಕಿರಲಿಲ್ಲ. ಮೊದಲು ತೀರಿಸು, ಆಮೇಲೆ ಅಳು ಎಂದು ದೊಡ್ಡಪ್ಪ ಗೋರಿಯ ಬಳಿಯೇ ಹೇಳಿಬಿಟ್ಟಿದ್ದ. ಬಂದೂಕು ಹೆಗಲಲ್ಲಿತ್ತು.

"ದಾರಿ ಬಿಡು, ಅವ್ವಾ."

ರತೀಬಾ ಅವನ ಕಾಲು ಹಿಡಿಯಲಿಲ್ಲ. ಸೆರಗು ಒಡ್ಡಲಿಲ್ಲ. ಸರಿದು ಕೂತು ದಾರಿ ಬಿಟ್ಟಳು.

"ಹೋಗು ಮಗಾ. ಎರಡೆರಡು ಸಲ ಚಾಪೆ ಹಾಸೋ ಶಕ್ತಿ ನನಗಿಲ್ಲ. ಅದಕ್ಕೇ ನಿನ್ನ ಪಾಲಿನ ಕಾಫಿನೂ ಇದೇ ಪಾತ್ರೆಲಿ ಕಾಸಿಟ್ಟಿದೀನಿ."

ಖಲಫ್ ಹೊಸ್ತಿಲು ದಾಟಿ ಹೊರಟುಹೋದ. ಅವನ ಹೆಜ್ಜೆ ಸಪ್ಪಳ ಓಣಿಯ ತಿರುವಿನ ಕಡೆಗೆ ಸಾಗುವುದನ್ನು ಕೇಳುತ್ತ ರತೀಬಾ ಕಣ್ಣು ಮುಚ್ಚಿದಳು. ಹಡೆದದ್ದು ಇಬ್ಬರನ್ನು, ಉಳಿದವರು ಯಾರೂ ಇಲ್ಲ ಅನಿಸಿತು. ಚಾಪೆ ಮಡಚಿಡೋಣ ಎಂದು ಅಂಚಿಗೆ ಕೈಯನ್ನೂ ಹಾಕಿದಳು.

ಸಪ್ಪಳ ನಿಂತಿತು. ಮತ್ತೆ ಮನೆಯ ಕಡೆಗೆ ಬಂತು. ಆಮೇಲೆ ಹೊರಗೋಡೆಗೆ ಏನೋ ಒರಗಿಸಿಟ್ಟ ಸದ್ದಾಯಿತು. ರತೀಬಾ ಕಣ್ಣು ತೆರೆದಾಗ ಖಲಫ್ ಬರಿಗೈಯಲ್ಲಿ ಬಾಗಿಲಲ್ಲಿದ್ದ. ಪರರ ಮನೆಗೆ ಬಂದವನ ಹಾಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಹೊಸ್ತಿಲು ದಾಟಿದ. ಚಾಪೆಯ ಮೇಲೆ ತಾಯಿಯ ಎದುರು ಕೂತ.

"ಉಳಿದ ಆಯುಷ್ಯ ನಿಮಗಿರಲಿ," ಎಂದ. ಹುಟ್ಟಿದಾಗಿನಿಂದ ನೀನು ಎಂದೇ ಕರೆದವನು ಮೊದಲ ಸಲ ಬಹುವಚನ ಹಚ್ಚಿದ್ದ.

"ನಿನ್ನ ಆಯುಷ್ಯ ಗಟ್ಟಿಯಾಗಿರಲಿ." ಸಾವಿನ ಮನೆಯವರು ಎಲ್ಲರಿಗೂ ಹೇಳುವ ಮಾತೇ ಅದು. ರತೀಬಾ ಬಟ್ಟಲು ತುಂಬಿ ಕೊಟ್ಟಳು. ಖಲಫ್ ಒಂದೇ ಗುಟುಕಿಗೆ ಕುಡಿದ.

"ಲೋ ಖಲಫ್..." ಎಂದು ಬಖೀತ್ ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ. ಓಣಿಯೆಲ್ಲ ನೋಡಿಯಾಗಿತ್ತು. ಮಗ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕತೊಡಗಿದ. ಬಿಕ್ಕಿದ್ದು ಏರಿ ಏರಿ ದೊಡ್ಡ ಅಳುವಾಯಿತು. ಸನಿಯ್ಯಾ ಬಖೀತನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದಳು, ಅವಳ ಹಿಂದೆ ಉಳಿದ ಹೆಂಗಸರು.

ಮುದುಕಿ ಖಲಫ್‌ನ ಬೆನ್ನು ಸವರಿದಳು. "ಸಾಕು ಮಗಾ, ಸಮಾಧಾನ ಮಾಡ್ಕೋ. ನಾಲ್ಕು ತಿಂಗಳಾಗಿ ಹೋಯ್ತು."

"ಅಳಲಿ ಬಿಡಿ, ಅಕ್ಕಾ," ಎಂದಳು ರತೀಬಾ. "ಅವನ ಅಣ್ಣ ಇವತ್ತು ಸತ್ತಿದ್ದಾನೆ."